ಶೀಘ್ರಲಿಪಿ ಶಾಲೆ: ಶುಲ್ಕಕ್ಕಿಂತ ಮೊದಲು ಕೇಳಬೇಕಾದುದು

ನ್ಯಾಯಾಲಯದ ಶೀಘ್ರಲಿಪಿಗಾರರಾಗಬಯಸಿ ವಾಣಿಜ್ಯ ಶಾಲೆಯ ಮೆಟ್ಟಿಲೇರುವವರು ಮೊದಲು ವಿಚಾರಿಸುವುದು ಶುಲ್ಕವನ್ನು. ವಿಚಾರಿಸಬೇಕಾದುದು ಕನ್ನಡದ ಪಾಠವನ್ನು. ರಾಜ್ಯದ ಜಿಲ್ಲಾ ನ್ಯಾಯಾಲಯಗಳ ನೇಮಕಾತಿ ಅಧಿಸೂಚನೆಗಳು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ದರ್ಜೆಯ ಶೀಘ್ರಲಿಪಿ ಮತ್ತು ಬೆರಳಚ್ಚು ಪರೀಕ್ಷೆಗಳ ತೇರ್ಗಡೆಯನ್ನು ಬಯಸುತ್ತವೆ. ಇಂಗ್ಲಿಷನ್ನಷ್ಟೇ ಕಲಿಸುವ ಶಾಲೆ ಅಭ್ಯರ್ಥಿಯನ್ನು ಅರ್ಧದಾರಿಯಲ್ಲೇ ಇಳಿಸಿದಂತೆ. ಉಕ್ತಲೇಖನದ ಕಥೆಯೂ ಅಷ್ಟೆ. ಒಂದೇ ಪಠ್ಯಪುಟವನ್ನು ತಿಂಗಳುಗಟ್ಟಲೆ ಬರೆದು ಪಳಗಿದ ಕೈ, ನ್ಯಾಯಾಧೀಶರು ಕಲಮು, ದಿನಾಂಕ, ಹೆಸರುಗಳನ್ನು ಬೆನ್ನುಬೆನ್ನಿಗೆ ಹೇಳತೊಡಗಿದಾಗ ತಡವರಿಸುತ್ತದೆ.

ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠದ ಕಲಾಪವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅಕ್ಷರಕ್ಕಿಳಿಸಲಾರಂಭಿಸಿತು. ಅದನ್ನು ಮುಚ್ಚಿಟ್ಟು ‘ಕೆಲಸ ಖಾತ್ರಿ’ ಎನ್ನುವ ಫಲಕಗಳನ್ನು ನಂಬುವಂತಿಲ್ಲ. ಯಂತ್ರದ ಕರಡನ್ನು ತಿದ್ದಲೂ ಎರಡೂ ಭಾಷೆಗಳ ಹಿಡಿತ ಬೇಕು. ಆ ಅಭ್ಯಾಸವನ್ನು ಶಾಲೆ ಮಾಡಿಸುತ್ತದೆಯೇ ಎಂಬುದನ್ನು ಹಣ ಕಟ್ಟುವ ಮುನ್ನ ಒಂದು ದಿನ ತರಗತಿಯಲ್ಲಿ ಕುಳಿತೇ ತಿಳಿಯಬಹುದು.