ಫೋಟೊದ ಹಿಂದೆ ಹೆಸರು ಬರೆಯಿರಿ

ಕಾಡುಗೋಡಿಯ ಬಂಧುಗಳೇ, ನಿಮ್ಮಲ್ಲಿ ಎಷ್ಟೋ ಮಂದಿಗೆ ಬ್ಯಾಕಪ್ ಎನ್ನುವುದು ಅನ್ನ ಕೊಡುವ ವಿದ್ಯೆ. ಎಲ್ಲೋ ದೂರದೇಶದ ಬ್ಯಾಂಕಿನ ಲೆಕ್ಕ, ಕಂಡರಿಯದ ಆಸ್ಪತ್ರೆಯ ಕಡತ ಕಳೆದುಹೋಗಬಾರದೆಂದು ಐಟಿಪಿಎಲ್ ಸುತ್ತಲ ಕಟ್ಟಡಗಳಲ್ಲಿ ರಾತ್ರಿಪಾಳಿ ಮಾಡುತ್ತೀರಿ. ಒಂದು ಸರ್ವರ್ ಮಲಗಿದರೆ ಬೇರೆ ಊರಿನ ಸರ್ವರ್ ಕೂಡಲೇ ಎದ್ದು ನಿಲ್ಲಬೇಕು, ಅಷ್ಟು ಕಟ್ಟುನಿಟ್ಟು. ಹಾಗಿದ್ದರೆ ತೀರಿಹೋದ ನಿಮ್ಮ ತಂದೆಯ ಫೋಟೊ ಎಲ್ಲಿದೆ? ಒಂದೇ ಒಂದು ಫೋನಿನಲ್ಲಿ. ಮೆಟ್ರೊದ ನೂಕುನುಗ್ಗಲಲ್ಲಿ ಆ ಫೋನು ಜೇಬಿನಿಂದ ಜಾರಿದರೆ ಅವರ ಮುಖವೂ ಹೋಯಿತು.

‘ಎಲ್ಲ ಗೂಗಲ್‌ನಲ್ಲಿ ಇದೆಯಲ್ಲ’ ಎನ್ನುತ್ತೀರಿ. ಗೂಗಲ್‌ನದೇ ಆದ ಆರ್ಕುಟ್ ನೆನಪಿದೆಯೆ? ಈ ಊರಿಗೆ ಮೊದಲ ಕೆಲಸಕ್ಕೆ ಬಂದವರ ಒಂದು ತಲೆಮಾರೇ ತನ್ನ ಫೋಟೊಗಳನ್ನು ಅಲ್ಲಿ ಹಾಕಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಫೋಟೊ ಇಡುವ ಅದರದೇ ಪಿಕಾಸಾ 2016ರಲ್ಲಿ ಹೋಯಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಯಾಯಿತು. ಈಗ ಮೇಲ್, ಕಡತ, ಫೋಟೊ ಎಲ್ಲ ಸೇರಿ 15 ಜಿಬಿ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸಬಹುದೆಂಬ ನಿಯಮವೂ ಬಂದಿದೆ. ಮನೆಯ ಹಿರಿಯರು ತೀರಿಕೊಂಡು ಪಾಸ್‌ವರ್ಡ್ ಅವರೊಂದಿಗೇ ಹೋಗಿದ್ದರೆ, ಎರಡು ವರ್ಷವೆಂಬುದು ಎಷ್ಟು ಬೇಗ ಕಳೆಯುತ್ತದೆ ಹೇಳಿ.

ಫೋಟೊ ಉಳಿದರೂ ಸಾಲದು. ನಿಮ್ಮ ಫೋನಿನಲ್ಲೇ ಹುಡುಕಿ: ‘ಐಎಂಜಿ-20190817-ಡಬ್ಲ್ಯುಎ0012’ ಎಂಬಂಥ ಹೆಸರಿನ ಫೈಲು ಸಿಗುತ್ತದೆ. ಅದು ವಾಟ್ಸ್‌ಆ್ಯಪ್ ಇಟ್ಟ ಹೆಸರು. ಅಲ್ಲಿರುವ ತಾರೀಖು ಚಿತ್ರ ತೆಗೆದ ದಿನದ್ದಲ್ಲ, ಅದು ನಿಮ್ಮ ಫೋನಿಗೆ ಬಂದ ದಿನದ್ದು. ಅಜ್ಜಿಯ ಮದುವೆಯ ಕಪ್ಪುಬಿಳುಪು ಫೋಟೊ ಕೂಡ ಆ ಲೆಕ್ಕದಲ್ಲಿ 2019ರ ಆಗಸ್ಟ್‌ನದು! ಚಿತ್ರವನ್ನು ಹಿಂಡಿ ಸಣ್ಣದು ಮಾಡುವ ವಾಟ್ಸ್‌ಆ್ಯಪ್, ಕ್ಯಾಮೆರಾ ಒಳಗೇ ಬರೆದಿಟ್ಟ ದಿನ, ಜಾಗಗಳನ್ನೂ ಕಿತ್ತುಹಾಕುತ್ತದೆ. ಮನೆಯವರಿಗೆ ಮುಖ್ಯ ಚಿತ್ರ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿ, ಮೂಲ ಹಾಗೆಯೇ ತಲುಪುತ್ತದೆ. ಫೈಲುಗಳಿಗೆ ಕನ್ನಡದಲ್ಲಿ ಹೆಸರು ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಶೀರ್ಷಿಕೆಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ.

ಹೆಸರಿನ ಬೆಲೆ ಈ ನೆಲಕ್ಕೆ ಗೊತ್ತು. ಪಟ್ಟಂದೂರು ಕೆರೆ ಕಟ್ಟಿಸಿದವನು ರಾಜರಾಜ ವೇಲನ್ ಎಂದು ಇಲ್ಲಿಯ 11ನೆಯ ಶತಮಾನದ ತಮಿಳು ಶಾಸನ ಹೇಳುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಮೇಲೆ ನಗರ ಬೆಳೆದು ಎಷ್ಟೋ ಕಲ್ಲುಗಳು ಕಾಣೆಯಾದವು. ಕಲ್ಲು ಹೋದರೂ ಅದರ ಮಾತು ಉಳಿದದ್ದು, ಯಾವ ಊರಿನ ಯಾವ ಜಾಗದ್ದು ಎಂದು ಗುರುತು ಹಾಕಿ ಇನ್ನೊಂದು ಪ್ರತಿ ಮಾಡಿದ್ದರಿಂದ. ಉಳಿದ ಕಲ್ಲುಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುವ ಕೆಲಸವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಮಾಡುತ್ತಿದೆ. ಸಾವಿರ ವರ್ಷದ ಕಲ್ಲಿಗೆ ಇಷ್ಟು ಕಾಳಜಿ ಇರುವಾಗ ನಲವತ್ತು ವರ್ಷದ ಹಿಂದಿನ ಕಾಡುಗೋಡಿಯ ಗತಿಯೇನು?

ಆ ಕಾಡುಗೋಡಿ ಹಳೆಯ ಮನೆಗಳ ಟ್ರಂಕುಗಳಲ್ಲಿದೆ. ಮದುವೆಯ ಆಲ್ಬಮ್ ತೆರೆದು, ಹೆಣ್ಣುಗಂಡಿನ ಹಿಂದೆ ಏನಿದೆ ಎಂದು ನೋಡಿ. ಹೆಂಚಿನ ಮನೆ, ಹುಣಸೆಮರ, ಎತ್ತಿನ ಗಾಡಿ, ರಾಗಿಹೊಲದ ಅಂಚು. ಫೋಟೊದವನು ಬೇಕೆಂದು ತೆಗೆದದ್ದಲ್ಲ, ಆದರೂ ಊರಿನ ದಾಖಲೆ ಅದೇ. ಅದು ಯಾರ ಮನೆ, ಯಾರ ಹೊಲ ಎಂದು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ನನ್ನನ್ನು ಕಾಡುವುದು ಈ ಒಂದು ಸಂಗತಿ. ಫೈಲುಗಳನ್ನು ಮುಂದಿನ ವರ್ಷವೂ ಜೋಡಿಸಬಹುದು, ಅವರನ್ನು ಮುಂದಿನ ವರ್ಷ ಕೇಳಲಾಗದೇ ಹೋಗಬಹುದು. ಅವರ ಪಕ್ಕದಲ್ಲಿ ಕೂತು ಒಂದೊಂದೇ ಫೋಟೊ ತೋರಿಸಿ, ರೆಕಾರ್ಡರ್ ಆನ್ ಮಾಡಿ, ಮಾತಾಡಲು ಬಿಡಿ.

ಉಳಿದದ್ದು ಸುಲಭ. ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಒಂದೇ ಭಂಗಿಯ ಹತ್ತು ಫೋಟೊಗಳನ್ನೂ ಅಳಿಸಿ. ಫೋಲ್ಡರಿಗೆ ವರ್ಷ ಮೊದಲು ಬರುವಂತೆ ಹೆಸರಿಡಿ: ‘2023-03-25 ಕಾಡುಗೋಡಿ ಮೆಟ್ರೊ ಉದ್ಘಾಟನೆಯಾದ ದಿನ’. ಫೋಲ್ಡರುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗದ ಮನೆಗಳಿಗೆ ಮಳೆನೀರು ನುಗ್ಗಿದ್ದನ್ನು ಕಂಡವರಿಗೆ ಆ ಬೇರೆ ಊರು ಯಾಕೆಂದು ಬಿಡಿಸಿ ಹೇಳಬೇಕಿಲ್ಲ; ಕೋಲಾರದಲ್ಲೋ ರಾಯಚೂರಿನಲ್ಲೋ ಅಣ್ಣನ ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಇಡಿ. ಹಬ್ಬಕ್ಕೆ ಹೋದಾಗ ಜೋಡಿಸಿ ನೋಡಿ, ಕೆಲವು ವರ್ಷಕ್ಕೊಮ್ಮೆ ಬದಲಿಸಿ. ತೀರಾ ಮುಖ್ಯವಾದವನ್ನು ಅಚ್ಚು ಹಾಕಿಸಿ. ಇಂಟರ್ನೆಟ್ಟಿನ ಜನಕರಲ್ಲೊಬ್ಬರಾದ ವಿಂಟ್ ಸರ್ಫ್ ಅವರೇ 2015ರಲ್ಲಿ ಈ ಸಲಹೆ ಕೊಟ್ಟಿದ್ದಾರೆ. ಅಚ್ಚಾದ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ.

ಅಪಾರ್ಟ್‌ಮೆಂಟುಗಳ ಕನ್ನಡ ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ನವೆಂಬರಿನ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇರಲಿ, ಜೊತೆಗೆ ಒಂದು ಭಾನುವಾರ ಸ್ಕ್ಯಾನರು, ಲ್ಯಾಪ್‌ಟಾಪು ತೆಗೆದುಕೊಂಡು ಹಳೆಯ ಕಾಡುಗೋಡಿಯ ಬೀದಿಗೆ ಹೋಗಿ. ಆಲ್ಬಮ್ ಅವರ ಮನೆ ಬಿಟ್ಟು ಹೊರಗೆ ಬರುವುದು ಬೇಡ, ಅಲ್ಲೇ ಸ್ಕ್ಯಾನ್ ಮಾಡಿ, ಒಂದು ಪ್ರತಿ ಅವರ ಕೈಗೇ ಕೊಡಿ. ಕೇಳದೆ ಯಾವುದನ್ನೂ ಇಂಟರ್ನೆಟ್ಟಿಗೆ ಹಾಕಬೇಡಿ, ಮಕ್ಕಳ ಚಿತ್ರಗಳನ್ನಂತೂ ಬೇಡವೇ ಬೇಡ. ಕಟ್ಟಡ ಕೆಲಸದವರ ಶೆಡ್ಡುಗಳಿಗೂ ಹೋಗಿ. ಅವರ ಮಗುವಿನ ಮೊದಲ ಹೆಜ್ಜೆ ಗಾಜು ಒಡೆದ ಫೋನಿನಲ್ಲಿ ಸಿಕ್ಕಿಕೊಂಡಿರುತ್ತದೆ, ಹೊರತೆಗೆದು ಕೊಡುವ ವಿದ್ಯೆ ನಿಮ್ಮ ಬಳಿ ಇದೆ. ದಯವಿಟ್ಟು ನವೆಂಬರಿಗೇ ಕಾಯಬೇಡಿ. ಇವತ್ತು ರಾತ್ರಿ ಊಟವಾದ ಮೇಲೆ ಅಮ್ಮನ ಮುಂದೆ ಹತ್ತು ಫೋಟೊ ಇಟ್ಟು, ಅದರಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ.