ಲೆಕ್ಕದ ಪುಸ್ತಕಕ್ಕೆ ಸೇರದ ಹೊಲಿಗೆ



ಹೆಣ್ಣೊಬ್ಬಳು ಸೂಜಿ ದಾರ ಹಿಡಿದು ಕೂತರೆ ಸಾಕು, ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ಮನೆಯವರು ಕೇಳುವುದು, "ಇದು ಯಾರಿಗೆ?" ಸಂಘದವರು ಕೇಳುವುದು, "ಇದಕ್ಕೆ ಎಷ್ಟು ಬರುತ್ತೆ?" ಮೊದಲನೆಯದಕ್ಕೆ ಗಂಡನಿಗೆ, ಮಗುವಿಗೆ, ನಾದಿನಿಯ ಮದುವೆಗೆ ಎಂಬ ಉತ್ತರ ಸಿಗಬೇಕು. ಎರಡನೆಯದಕ್ಕೆ ರೂಪಾಯಿಯಲ್ಲಿ ಉತ್ತರ ಸಿಗಬೇಕು. "ನನಗೆ ಇಷ್ಟ, ಅದಕ್ಕೇ ಹೊಲೀತಾ ಇದ್ದೀನಿ" ಎನ್ನುವವಳನ್ನು ಎರಡೂ ಕಡೆಯವರು ಅನುಮಾನದಿಂದಲೇ ನೋಡುತ್ತಾರೆ. ಈ ಸಲ ನಾನು ಆ ಮೂರನೆಯ ಉತ್ತರದ ಪರವಾಗಿ ಬರೆಯುತ್ತಿದ್ದೇನೆ.

ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಕಾಗದದ ಹೂವಿನ ಮಾತೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಹೆಣ್ಣಿನ ದುಡಿಮೆ ಯಾರದು, ಅವಳ ಹೊತ್ತು ಯಾರದು, ಅವಳ ಕೈಯಿಂದ ಆದ ವಸ್ತು ಯಾರದು? ಮನೆಯೊಳಗಿನ ದೌರ್ಜನ್ಯದ ಬೇರು ಈ ಮೂರು ಪ್ರಶ್ನೆಗಳಲ್ಲೇ ಇದೆ. ಆದ್ದರಿಂದ ಹವ್ಯಾಸದ ಮಾತು ನಮ್ಮ ಮಾತೂ ಹೌದು.

ಗೊಟ್ಟಿಗೆರೆಯ ಸುತ್ತಮುತ್ತ ಸಂಘದ ಕೆಲಸಕ್ಕೆಂದು ಓಡಾಡುವಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ಬನ್ನೇರುಘಟ್ಟ ರಸ್ತೆಯ ಈ ಊರು ಒಂದು ಕಾಲಕ್ಕೆ ಕೆರೆ ಹೊಲಗಳ ಹಳ್ಳಿ. ಈಗ ಒಂದು ಬದಿ ದೊಡ್ಡ ಅಪಾರ್ಟ್‌ಮೆಂಟುಗಳು, ಇನ್ನೊಂದು ಬದಿ ಒಂದೇ ಕೋಣೆಯ ಬಾಡಿಗೆ ಮನೆಗಳ ಸಾಲು. ನಮ್ಮ ಸದಸ್ಯರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಹೋಗುವವರಿದ್ದಾರೆ, ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್ ಹಾಕಿ ಕುಚ್ಚು ಕಟ್ಟುವವರಿದ್ದಾರೆ. ಭಾನುವಾರ ಮಧ್ಯಾಹ್ನ ಅಡುಗೆ ಪಾತ್ರೆ ಮುಗಿಸಿ ಅವರಲ್ಲಿ ಏಳೆಂಟು ಮಂದಿ ಒಂದು ಮನೆಯ ತಾರಸಿಯ ನೆರಳಲ್ಲಿ ಸೇರುತ್ತಾರೆ. ಒಬ್ಬಾಕೆ ಹಳೆಯ ನೂಲಿನ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಾರೆ. ಇನ್ನೊಬ್ಬಾಕೆ ವರ್ಷಾನುಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ, ಮುಯ್ಯಿ ಹಾಕುವ ಕವರು ಮಾಡುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿ ಬಣ್ಣದ ಕಾಗದದ ಪಟ್ಟಿ ಸುತ್ತಿ ಓಲೆ ಮಾಡುತ್ತಾಳೆ. ಒಬ್ಬರು ಅಜ್ಜಿ ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಹರುಕು ಬುಟ್ಟಿಗೆ ಬಳಿದು ಒಣಗಿಸುವುದನ್ನು ಎಲ್ಲರಿಗೂ ಕಲಿಸುತ್ತಾರೆ. ಮೆಂತ್ಯ ಹಾಕಿದರೆ ಅಂಟೂ ಬರುತ್ತದೆ, ಹುಳವೂ ಹತ್ತುವುದಿಲ್ಲ ಎನ್ನುವುದು ಅವರ ಮಾತು. ಅಲ್ಲಿ ಯಾರೂ ಯಾರಿಗೂ ರೇಟು ಕೇಳುವುದಿಲ್ಲ.

ಇಷ್ಟು ಹೊತ್ತು ಸಿಗುವುದೇ ದೊಡ್ಡ ಮಾತು. ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 88 ನಿಮಿಷ ಕೊಡುತ್ತಾರೆ ಎಂದು ಅದು ಹೇಳಿತು. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಇಲ್ಲ ಎಂಬುದನ್ನೂ ನೆನಪಿಡಿ. ಹೀಗಿರುವಾಗ ಹೆಂಗಸಿನ ಹವ್ಯಾಸ ಎಲ್ಲಿಂದ ಹುಟ್ಟಬೇಕು? ನಿದ್ದೆಯಿಂದ ಕದ್ದ ಅರ್ಧ ಗಂಟೆಯಿಂದ, ಕುಕ್ಕರು ಕೂಗುವ ತನಕದ ಹತ್ತು ನಿಮಿಷದಿಂದ. ಗಂಡಸು ಕೇರಂ ಆಡಿದರೆ, ಕ್ರಿಕೆಟ್ ನೋಡಿದರೆ ಅದು ವಿಶ್ರಾಂತಿ. ಹೆಂಗಸು ಕಾಗದ ಕತ್ತರಿಸಿದರೆ ಮಾತ್ರ "ಕೆಲಸವಿಲ್ಲವಾ ನಿನಗೆ?"

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಹಿಳಾ ಚಳವಳಿಯವರಾದ ನಮ್ಮಲ್ಲೇ ಅನೇಕರಿಗೆ ಹೊಲಿಗೆ ಎಂದರೆ ಅಸಮಾಧಾನವಿತ್ತು. ಅದಕ್ಕೆ ಕಾರಣವೂ ಇತ್ತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಹಾಕಿದ ಕಸೂತಿಯ ಮೇಜುಬಟ್ಟೆ, ಮಣಿಯ ತೋರಣ, ಗಾಜಿನ ಚೌಕಟ್ಟಿನೊಳಗಿನ ಗಿಳಿ ಇವನ್ನೆಲ್ಲ ತಂದಿಡುತ್ತಿದ್ದರು. ಹುಡುಗಿ ತಲೆ ಬಗ್ಗಿಸಿ ತಾಳ್ಮೆಯಿಂದ ಕೂರಬಲ್ಲಳು ಎಂಬುದಕ್ಕೆ ಅದು ಸಾಕ್ಷಿ. ಮದುವೆಯ ಪಟ್ಟಿಯಲ್ಲಿ ಮಂಚ, ಬೀರು, ಪಾತ್ರೆಗಳ ಜೊತೆ ಹೊಲಿಗೆ ಯಂತ್ರವೂ ಇರುತ್ತಿತ್ತು. ಹೆಂಗಸರಿಗೆ ಏನಾದರೂ ಯೋಜನೆ ಮಾಡಿ ಎಂದರೆ ಟೈಲರಿಂಗ್, ಹಪ್ಪಳ, ಉಪ್ಪಿನಕಾಯಿ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಇದನ್ನು ನಾವು ಪ್ರಶ್ನಿಸಿದ್ದು ಸರಿ. ಆದರೆ ಸೂಜಿಯನ್ನು ಹೆಣ್ಣಿನ ಮೇಲೆ ಹೇರಿದ್ದನ್ನು ವಿರೋಧಿಸುವುದು ಬೇರೆ, ಹೆಣ್ಣು ತಾನಾಗಿ ಸೂಜಿ ಹಿಡಿದಾಗ ಅವಳನ್ನು ಹಗುರವಾಗಿ ನೋಡುವುದು ಬೇರೆ.

ಏಕೆಂದರೆ ಹೊಲಿಗೆಗೆ ಇನ್ನೊಂದು ಚರಿತ್ರೆಯೂ ಇದೆ. ಧಾರವಾಡ ಕಡೆಯ ಕಸೂತಿಯನ್ನು ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲ ಮೂಡುತ್ತವೆ. ಬಟ್ಟೆಯ ಮೇಲೆ ಗೀಟು ಹಾಕಿಕೊಳ್ಳದೆ, ಎಳೆ ಎಣಿಸಿಯೇ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿಗಳಲ್ಲಿ ಸೀರೆಯ ಒಳಮಗ್ಗುಲೂ ಹೊರಮಗ್ಗುಲಿನಷ್ಟೇ ಚೆಂದ. ಒಳಮಗ್ಗುಲು ಯಾರಿಗೆ ಕಾಣುತ್ತದೆ? ಹಾಕಿದವಳಿಗೆ ಮಾತ್ರ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಎಣಿಕೆಯನ್ನು ತಲೆಯಲ್ಲೇ ಇಟ್ಟುಕೊಂಡು ಮಾಡಿದ ಕೆಲಸ ಇದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುವುದು ಅವರ ಕ್ರಮ. ಹೊದೆಯಲು ಅಷ್ಟೇ ಸಾಕು. ಆದರೂ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಮಾಡಿದ ಹೂವು ಹೊಲಿಯದೆ ಬಿಡುವುದಿಲ್ಲ. ಅದಕ್ಕೆ ಫೂಲ ಎನ್ನುತ್ತಾರೆ. ಫೂಲವಿಲ್ಲದ ಕವಂದಿ ಬೆತ್ತಲೆ ಎನ್ನುವುದು ಅವರ ಮಾತು. ಆ ಹೂವಿನಿಂದ ಚಳಿಯೇನೂ ಕಡಿಮೆಯಾಗುವುದಿಲ್ಲ. ಹೊಟ್ಟೆಗೇ ಕಷ್ಟವಿದ್ದಲ್ಲಿ ಹವ್ಯಾಸ ಎಲ್ಲಿಯದು ಎಂದು ಕೇಳುವವರಿಗೆ ಈ ಹೂವೇ ಉತ್ತರ.

ಬಟ್ಟೆಗೂ ಕಾಗದಕ್ಕೂ ಇರುವ ನಂಟು ಕೂಡ ಹಳೆಯದೇ. ಹಿಂದೆ ನಮ್ಮ ನಾಡಿನ ಮಠ, ದೇವಸ್ಥಾನಗಳಲ್ಲಿ ಲೆಕ್ಕ ಬರೆಯಲು ಕಡತ ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ ಮಡಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಇವತ್ತು ತಾಲ್ಲೂಕು ಕಚೇರಿಯಲ್ಲಿ ನಮ್ಮ ಅರ್ಜಿ ಸೇರುವ ಕಡತಕ್ಕೆ ಹೆಸರು ಬಂದದ್ದು ಅಲ್ಲಿಂದ. ಈಗಲೂ ನಮ್ಮ ದೇಶದ ಒಳ್ಳೆಯ ಕೈಕಾಗದ ತಯಾರಾಗುವುದು ಬನಿಯನ್ ಬಟ್ಟೆ, ಹತ್ತಿ ಬಟ್ಟೆಯ ಚಿಂದಿಯಿಂದ. ಅಂಗಿ ಕತ್ತರಿಸಿ ಉಳಿದ ಚೂರು ನೆನೆದು, ಅರೆದು, ಜಾಲರಿಯ ಮೇಲೆ ಹರಡಿ ಹಾಳೆಯಾಗುತ್ತದೆ. ಮನೆಯಲ್ಲಿ ಬಟ್ಟೆಯನ್ನು ಅರೆಯುವುದು ಕಷ್ಟ. ಆದರೆ ಮಕ್ಕಳ ಹಳೆಯ ನೋಟುಪುಸ್ತಕವನ್ನು ಒಂದು ರಾತ್ರಿ ನೆನೆಸಿ, ರುಬ್ಬಿ, ಚೌಕಟ್ಟಿಗೆ ಬಿಗಿದ ಸೊಳ್ಳೆ ಪರದೆಯ ಮೇಲೆ ತೆಳ್ಳಗೆ ಹರಡಿ, ಹಳೆಯ ಪಂಚೆಯ ಮೇಲೆ ಮಗುಚಿ ಒಣಗಿಸಿದರೆ ಹಾಳೆ ಬರುತ್ತದೆ. ನಡುವೆ ಒಂದು ಹೂವಿನ ಎಸಳು ಇಟ್ಟರೆ ಅದೂ ಹಾಳೆಯೊಳಗೆ ಉಳಿಯುತ್ತದೆ.

ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ಬಂದವಳಿಗೆ ಮತ್ತೆ ಮನೆಯಲ್ಲಿ ಹೊಲಿಗೆ ಯಾಕೆ? ನಾನು ಇದನ್ನು ಕೇಳಿದಾಗ ತಾರಸಿಯ ಮೇಲಿದ್ದ ಗೆಳತಿಯೊಬ್ಬಳು ಹೇಳಿದಳು, "ಅಲ್ಲಿ ನಾನು ಬರೀ ಕಾಲರ್ ಹೊಲಿಯೋದಕ್ಕ. ಇಡೀ ಅಂಗಿ ಹೊಲಿಯೋದು ಇಲ್ಲೇ." ಫ್ಯಾಕ್ಟರಿಯಲ್ಲಿ ಒಬ್ಬಳಿಗೆ ಕಾಲರು, ಒಬ್ಬಳಿಗೆ ತೋಳು, ಒಬ್ಬಳಿಗೆ ಕಾಜ. ತಲೆಯ ಮೇಲೆ ಟಾರ್ಗೆಟ್ಟು. ತಾನು ಮಾಡಿದ್ದು ಏನಾಯಿತೆಂದು ಅವಳಿಗೆ ಕಾಣುವುದಿಲ್ಲ. ಮಗಳ ಲಂಗಕ್ಕೆ ತಾನೇ ಬಣ್ಣ ಆರಿಸಿ, ತಾನೇ ಕತ್ತರಿಸಿ, ತಾನೇ ಅಂಚು ಮಡಿಸುವಾಗ ಅವಳು ತನ್ನ ಕೆಲಸದ ಯಜಮಾನಿ. ಸೂಜಿ ಹಿಡಿದವರು ತಲೆ ಬಗ್ಗಿಸಿಯೇ ಇರುತ್ತಾರೆಂದು ತಿಳಿದವರು 2016ರ ಏಪ್ರಿಲ್ 18 ಮತ್ತು 19ನ್ನು ನೆನಪಿಸಿಕೊಳ್ಳಲಿ. ಭವಿಷ್ಯ ನಿಧಿಯ ಹಣ ತೆಗೆಯಲು ಅಡ್ಡಿ ಮಾಡಿದ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಬಹುಪಾಲು ಈ ಹೆಣ್ಣುಮಕ್ಕಳೇ. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಸೂಜಿ ಹಿಡಿದ ಮಾತ್ರಕ್ಕೆ ಹೊಡೆತ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. "ಮನಸ್ಸಿಗೆ ಏನಾದರೂ ಹಚ್ಚಿಕೊಳ್ಳಮ್ಮ, ಎಲ್ಲ ಸರಿಹೋಗುತ್ತೆ" ಎಂದು ನೊಂದವಳಿಗೆ ಉಪದೇಶ ಮಾಡುವುದು ತಪ್ಪು. ಹೊಡೆಯುವವನನ್ನು ತಡೆಯಬೇಕು. ಆದರೆ ನಾನು ಕಂಡಂತೆ, ಕೈ ಕೆಲಸದಲ್ಲಿದ್ದಾಗ ಬಾಯಿ ಬಿಚ್ಚುತ್ತದೆ. ಸಭೆಯಲ್ಲಿ ಎದ್ದು ನಿಂತು ಹೇಳಲಾರದ್ದನ್ನು ಹೆಂಗಸರು ಹೊಲಿಗೆಯಿಂದ ಕಣ್ಣೆತ್ತದೆ ಹೇಳುತ್ತಾರೆ. ಕೇಳುವವರೂ ದಿಟ್ಟಿಸಿ ನೋಡುವುದಿಲ್ಲವಲ್ಲ. ದೂರದ ಚಿಲಿ ದೇಶದಲ್ಲೂ ಹೀಗೇ ಆಯಿತು. 1973ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಸಾವಿರಾರು ಜನರನ್ನು ಸೆರೆಹಿಡಿದರು, ಎಷ್ಟೋ ಮಂದಿ ಮತ್ತೆ ಕಾಣಲೇ ಇಲ್ಲ. ಅವರ ತಾಯಂದಿರು, ಹೆಂಡಂದಿರು ಚರ್ಚಿನ ಆಸರೆಯಲ್ಲಿ ಸೇರಿ ಗೋಣಿತಟ್ಟಿನ ಮೇಲೆ ಬಟ್ಟೆಯ ಚೂರುಗಳಿಂದ ಚಿತ್ರ ಹೊಲಿದರು. ಅವನ್ನು ಆರ್ಪಿಯೆರಾ ಎನ್ನುತ್ತಾರೆ. ಎಲ್ಲಿದ್ದಾರೆ ನಮ್ಮವರು ಎಂದು ಬಾಯಲ್ಲಿ ಕೇಳಲಾಗದ ಪ್ರಶ್ನೆಯನ್ನು ದಾರದಲ್ಲಿ ಕೇಳಿದರು. ಆ ಚಿತ್ರಗಳು ಗುಟ್ಟಾಗಿ ದೇಶದಾಚೆ ಹೋಗಿ ಲೋಕಕ್ಕೆ ಸುದ್ದಿ ಮುಟ್ಟಿಸಿದವು.

ಈಗ ಕಾನೂನಿನ ಮಾತು. ನಿಮ್ಮ ಮದುವೆಯಲ್ಲಿ ನಿಮಗೆಂದು ಕೊಟ್ಟ ಹೊಲಿಗೆ ಯಂತ್ರ, ನೀವು ಸ್ವಂತ ದುಡ್ಡಲ್ಲಿ ಕೊಂಡ ಯಂತ್ರ, ಅತ್ತೆಮನೆಯದಲ್ಲ, ನಿಮ್ಮದು. ಸ್ತ್ರೀಧನ ಹೆಂಗಸಿನ ಸಂಪೂರ್ಣ ಸ್ವತ್ತು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಅದೇ 1985ರ ವರದಕ್ಷಿಣೆ ನಿಷೇಧ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ವಸ್ತು ಯಾವುದು, ಬೆಲೆ ಸುಮಾರು ಎಷ್ಟು, ಕೊಟ್ಟವರು ಯಾರು ಎಂದು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ಯಂತ್ರವನ್ನು ಗಂಡ ಮಾರಿದರೆ, ಅಡವಿಟ್ಟರೆ, ಕೊಡದೆ ಇಟ್ಟುಕೊಂಡರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದನ್ನು ಆರ್ಥಿಕ ದೌರ್ಜನ್ಯವೆಂದು ಹೇಳಿ ದೂರು ಕೊಡಬಹುದು. ಸ್ತ್ರೀಧನವನ್ನು ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಯಂತ್ರದ ರಸೀದಿ ನಿಮ್ಮ ಹೆಸರಲ್ಲೇ ಇರಲಿ, ಅದರ ಒಂದು ಪ್ರತಿ ಸಂಘದಲ್ಲಿರಲಿ. ತೊಂದರೆಯಾದರೆ 181ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಹಾಗೆಯೇ, ಮಗಳು ಇಷ್ಟಪಟ್ಟು ಹಾಕಿದ ಕಸೂತಿಯನ್ನು ಗಂಡಿನವರ ಮುಂದೆ ಹರಡಿ ಅವಳಿಗೆ ಬೆಲೆ ಕಟ್ಟಿಸಬೇಡಿ.

ಮಾಡಿದ್ದನ್ನು ಮಾರಬಾರದೆ? ಖಂಡಿತ ಮಾರಬಹುದು. ದಾರ, ಬಟ್ಟೆ, ಅಂಟಿನ ಖರ್ಚಿನ ಜೊತೆ ನಿಮ್ಮ ಗಂಟೆಗಳನ್ನೂ ಬರೆದುಕೊಳ್ಳಿ. "ಮನೆಯಲ್ಲೇ ಇರ್ತೀರಲ್ಲ" ಎಂದು ಚೌಕಾಶಿ ಮಾಡುವವರಿಗೆ ಆ ಚೀಟಿ ತೋರಿಸಿ. ಆದರೆ ಮಾರಲೇಬೇಕೆಂಬ ಒತ್ತಾಯ ಬೇಡ. ಸಂಡೂರಿನ ಲಂಬಾಣಿ ಹೆಂಗಸರು ತಲೆಮಾರುಗಳಿಂದ ಕನ್ನಡಿ, ಕವಡೆ ಇಟ್ಟು ಹೊಲಿದದ್ದು ತಮ್ಮ ಸ್ವಂತ ಉಡುಪಿಗೆ. ಮಾರುಕಟ್ಟೆ ಆಮೇಲೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯಲ್ಲಿ 450ಕ್ಕೂ ಹೆಚ್ಚು ಹೆಂಗಸರ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತಮ್ಮ ಸಂತೋಷಕ್ಕೆ ಹೊಲಿದ ಅಜ್ಜಿಯರು ಇಲ್ಲದಿದ್ದರೆ ಮೊಮ್ಮಕ್ಕಳಿಗೆ ತೋರಿಸಲು ಏನಿರುತ್ತಿತ್ತು?

ಆದ್ದರಿಂದ ಗೆಳತಿಯರೇ, ಪ್ರತಿ ಸಂಘವೂ ತಿಂಗಳಿಗೆ ಒಂದು ಸಲ ಪಾಸ್‌ಬುಕ್ಕು, ಸಾಲದ ಕಂತು, ಹಾಜರಿ ಯಾವುದೂ ಇಲ್ಲದೆ ಸೇರಲಿ. ಮನೆಯಲ್ಲಿರುವ ಹಳೆಯ ಸೀರೆ, ಲಗ್ನಪತ್ರಿಕೆ, ರಟ್ಟು ತನ್ನಿ. ಚಿಕ್ಕಪೇಟೆಯ ದಾರ, ಲೇಸು, ಮಣಿ ಬೇಕಾದರೆ ನಾಲ್ಕು ಜನ ಜೊತೆಯಾಗಿ ಹೋಗಿ ಬನ್ನಿ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಾರ್ಜಿಗಾಗಿ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಆ ಮಧ್ಯಾಹ್ನದ ಮಟ್ಟಿಗೆ ಮನೆಯ ಗಂಡಸರು ಕಾಫಿ ಮಾಡಿಕೊಳ್ಳಲಿ, ಮಕ್ಕಳನ್ನು ನೋಡಿಕೊಳ್ಳಲಿ. ಹೊಸದಾಗಿ ಬಂದು ಮೂಲೆಯಲ್ಲಿ ಸುಮ್ಮನೆ ಕೂತವಳ ಕೈಗೂ ಒಂದು ಸೂಜಿ ಕೊಡಿ, ಏನಾಯಿತೆಂದು ಕೆದಕಬೇಡಿ. ಹೇಳಬೇಕೆನಿಸಿದಾಗ ಅವಳೇ ಹೇಳುತ್ತಾಳೆ.

ನಿಮ್ಮ ಸಂಘದಲ್ಲಿ ಏನು ಮಾಡಿದಿರಿ ಎಂದು ನಮಗೆ ಬರೆಯಿರಿ. ಎಷ್ಟು ಬಂತು ಎಂದು ಬರೆಯಬೇಕಿಲ್ಲ.

ನಿಮ್ಮ ಗೆಳತಿ,
ಸಂಪಾದಕಿ