ಔಷಧಿಯ ಜೊತೆಗೆ ಕೊಡುವವರೂ ಊರಲ್ಲಿರಲಿ

ಕಂಪ್ಲಿಯ ಭತ್ತದ ಗದ್ದೆಯಲ್ಲಾಗಲಿ, ಕಮಲಾಪುರ-ಹಂಪಿ ಕಡೆಯ ಬಾಳೆ ತೋಟದಲ್ಲಾಗಲಿ ರಾತ್ರಿ ನೀರು ಕಟ್ಟುವವರಿಗೆ ಹಾವಿನ ಭಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕೈಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕೆಂದು ರೈತ ತರಬೇತಿಗಳಲ್ಲಿ ನಾನೂ ಹೇಳುತ್ತ ಬಂದಿದ್ದೇನೆ. ಹಿಂದಿನ ಸಾಲಿನಿಂದ ಒಂದು ಮಾತು ಬಂದೇ ಬರುತ್ತದೆ: "ಒಯ್ದ್ರ ರಾತ್ರಿ ಅಲ್ಲಿ ಯಾರ್ ಇರ್ತಾರ್ರೀ ಸಾಹೇಬ್ರ?"

ಪ್ರಶ್ನೆ ಸರಿಯಾದದ್ದೇ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಮಾಡಿತು. ಒಳ್ಳೆಯದಾಯಿತು. ಆದರೆ ಸೀಸೆಯಲ್ಲಿರುವ ಔಷಧಿ ತಾನಾಗಿ ಮೈಗೆ ಇಳಿಯುವುದಿಲ್ಲ. ಸಲೈನಿನಲ್ಲಿ ಬೆರೆಸಿ ಕೊಡಬೇಕು. ಮೈಗೆ ಒಗ್ಗದಿದ್ದರೆ ಆ ಕ್ಷಣವೇ ನೋಡಲು ವೈದ್ಯರೋ ನರ್ಸಮ್ಮನೋ ಪಕ್ಕದಲ್ಲಿರಬೇಕು.

ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಕಟ್ಟಡ ಏಳುತ್ತದೆ, ನಿಲ್ಲುವವರು ಬೇಕು. ಹೊಸ ವೈದ್ಯರು ಹಳ್ಳಿಗೆ ಬರಲೆಂದು 2012ರ ಕಾಯ್ದೆ ಬಂತು. ಅದೂ ಒಂದು ವರ್ಷದ ಸೇವೆ. ಸಸಿ ಬೇರು ಬಿಡುವಷ್ಟರಲ್ಲಿ ಕಿತ್ತರೆ ತೆನೆ ಎಲ್ಲಿಂದ ಬರಬೇಕು?

ನನ್ನ ಮಟ್ಟಿಗೆ, ಈ ನೆಲಕ್ಕೆ ಒಗ್ಗಿದ ತಳಿಯೇ ಬೇಕು. 2013ರಿಂದ ಸಂವಿಧಾನದ 371(ಜೆ) ಕಲಮು ಬಳ್ಳಾರಿ ಸೀಮೆಯ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಪಾಲು ಕೊಟ್ಟಿದೆ. ಸಂಡೂರು, ಕಂಪ್ಲಿ, ಹೊಸಪೇಟೆ ತಾಲ್ಲೂಕುಗಳಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ ನರ್ಸಿಂಗ್ ಶುಲ್ಕವನ್ನು ಸರ್ಕಾರವೇ ಕಟ್ಟಲಿ. ಐದು ವರ್ಷ ತನ್ನ ತಾಲ್ಲೂಕಿನಲ್ಲೇ ದುಡಿಯಬೇಕೆಂದು ಬರೆಸಿಕೊಳ್ಳಲಿ. ಹಣವೆಲ್ಲಿ ಎನ್ನುವವರು ಸಂಡೂರಿನ ಗುಡ್ಡ ನೋಡಲಿ. ಗಣಿಯವರು ಕಟ್ಟುವ ಜಿಲ್ಲಾ ಖನಿಜ ನಿಧಿ 2015ರ ಕಾನೂನಿನಿಂದ ಹುಟ್ಟಿತು. ಅದರಲ್ಲಿ ಆರೋಗ್ಯಕ್ಕೆ ಆದ್ಯತೆಯಿದೆ. ಮೊದಲು ನೀರು, ದೀಪ, ಗಟ್ಟಿ ಚಿಲಕ ಇರುವ ವಸತಿಗೃಹ ಕಟ್ಟಲಿ. ಒಂಟಿ ಹೆಣ್ಣುಮಗಳು ರಾತ್ರಿ ಉಳಿಯಬೇಕಾದರೆ ಇದು ಸಣ್ಣ ವಿಷಯವಲ್ಲ.

ಕೃಷಿ ಅಧಿಕಾರಿಗೆ ಈ ಉಸಾಬರಿ ಏಕೆ ಎನ್ನಬಹುದು. ನಾಟಿ ಕಾಲದಲ್ಲಿ ಮನೆಯ ಯಜಮಾನ ಮಲಗಿದರೆ ನಾನು ಹೇಳುವ ಯಾವ ಗೊಬ್ಬರದ ಲೆಕ್ಕವೂ ನಡೆಯುವುದಿಲ್ಲ.

ಊರಲ್ಲೇ ನಿಂತವರು ಈಗಾಗಲೇ ಇದ್ದಾರೆ, ಆಶಾ ಕಾರ್ಯಕರ್ತೆಯರು. ತಿಂಗಳಿಗೆ ಖಾತ್ರಿ 15 ಸಾವಿರ ರೂಪಾಯಿ ಕೇಳಿ ಅವರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಬಯಲಿನಲ್ಲಿ ಕೂರಬೇಕಾಯಿತು. ಇದ್ದವರನ್ನೇ ಹೀಗೆ ನಡೆಸಿಕೊಂಡರೆ ಹೊಸಬರು ಬರುವರೇ?

ಮುಂದಿನ ಗ್ರಾಮಸಭೆಯಲ್ಲಿ ವಸತಿಗೃಹದ ಬೇಡಿಕೆಯನ್ನು ಬರಹದಲ್ಲಿ ಕೊಡಿ. ಅಲ್ಲಿಯವರೆಗೆ, ರಾತ್ರಿಯೂ ತೆರೆದು ಹಾವಿನ ಔಷಧಿ ಇಟ್ಟಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ, 108ರ ಜೊತೆಗೆ ಅದರ ಹೆಸರನ್ನೂ ಈ ವಾಚನಾಲಯದ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಹಾಕಿ.